ಅವನು ಅಂದಿದ್ದು ‘ಬುಟ್ಟು’

"ಪಾಸ್‌ವರ್ಡ್ ಬರ್ಕೋ. ನನ್ನ ಬಸ್ಸಿಗೆ ಹೊತ್ತಾಯ್ತು."

ಮುನಿಕೃಷ್ಣ ತಲೆ ಎತ್ತಿದ. ಚನ್ನಪಟ್ಟಣ ಬಸ್‌ಸ್ಟ್ಯಾಂಡಿನ ಹಿಂದಿದ್ದ ಆ ಚಿಕ್ಕ ಕೋಣೆಯ ಬಾಗಿಲಲ್ಲಿ ಸುಮನಾ ನಿಂತಿದ್ದಳು. ಒಳಗೆ ಬರಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ.

ಇವನ ಮುಖ ನೋಡಬಾರದು... ನೋಡಿದರೆ ಬಂದ ಕೆಲಸವೇ ಮರೆತುಹೋಗುತ್ತೆ!

"ನಿಜವಾಗ್ಲೂ ಕೆಲಸ ಬುಟ್ಟು ಹೋಯ್ತೀಯಾ?"

"ಹೋಗು ಅಂದಿದ್ದು ಯಾರು?"

ಅವನು ಕಕ್ಕಾಬಿಕ್ಕಿಯಾದ. ನಾಟಕ ಆಡುತ್ತಿದ್ದಾನೆ ಅಂದುಕೊಂಡಳು.

ಇಬ್ಬರೂ ಸೇರಿ ಕಟ್ಟಿದ್ದು ‘ಹಟ್ಟಿಮಾತು’; ಪಾಸ್‌ವರ್ಡ್ ಅದರದ್ದೇ. ಆಡಿದ ಮಾತನ್ನು ಅಕ್ಷರ ಮಾಡಿಕೊಡುವ ತಂತ್ರಾಂಶ. ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು, ತಿದ್ದಬಹುದು. ಹೊಂಗನೂರಿನ ಹೆಂಗಸರು ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಾ ಆಡಿದ ಮಾತನ್ನೆಲ್ಲ ಸುಮನಾ ಫೋನಿನಲ್ಲಿ ಹಿಡಿದು ತಂದಿದ್ದಳು. "ಇದು ಯಾವ ಕಂಪನಿಗೂ ಹೋಗಲ್ಲ ಭದ್ರಮ್ಮ" ಎಂದು ಅಲ್ಲಿನ ಹಿರಿಯಳಿಗೆ ಮಾತು ಕೊಟ್ಟಿದ್ದಳು.

ಆದರೆ ಹಟ್ಟಿಮಾತು ನಿಧಾನ. ಸಹಾಯಕ್ಕೆ ಬರುವವರೂ ಕಡಿಮೆ. ಒಂದು ದಿನ ಮುನಿಕೃಷ್ಣ ತಂಡದ ಮಾತುಕತೆ, ಕೆಲಸ, ಆ ಹೆಂಗಸರ ದನಿ, ಎಲ್ಲವನ್ನೂ ಒಂದು ಕಂಪನಿಯ ಆ್ಯಪ್‌ಗೆ ಸಾಗಿಸಿಬಿಟ್ಟ. ಅದರೊಳಗೆ ಏನು ನಡೆಯುತ್ತದೋ ಹೊರಗಿನವರಿಗೆ ಕಾಣದು.

"ಜನ ಎಲ್ಲಾ ಅಲ್ಲೇ ಅವ್ರೆ ಸುಮನಾ. ನಾವ್ ಇಲ್ಲಿ ಬಾಗ್ಲು ತಕ್ಕೊಂಡು ಕೂತ್ರೆ ಬರೋರ್ಯಾರು?"

"ಆ ಆ್ಯಪ್ ನಾನು ಮುಟ್ಟಲ್ಲ!" ಎಂದು ಅವತ್ತು ಎದ್ದು ಹೋಗಿದ್ದಳು.

ಮಾರನೇ ದಿನ ಅದೇ ಆ್ಯಪ್‌ನಿಂದ ಮೇಲ್ ಬಂತು. ಮುನಿಕೃಷ್ಣ ನಿಮಗೆ ಧ್ವನಿ ಕಳಿಸಿದ್ದಾರೆ, ಕೇಳಲು ಖಾತೆ ತೆರೆಯಿರಿ. ಅದರ ಕೆಳಗೆ, ಅವನ ಮಾತನ್ನು ಆ್ಯಪ್ ಅಕ್ಷರಕ್ಕಿಳಿಸಿದ ಸಾಲು:

‘ನಿನ್ನ ಬಿಟ್ಟೆ. ನನಗೆ ಇರಕ್ಕಾಗಲ್ಲ.’

ಅವಳು ಖಾತೆ ತೆರೆಯಲಿಲ್ಲ. ಫೋನನ್ನು ಬೋರಲು ಹಾಕಿದಳು, ಮತ್ತೆ ಎತ್ತಿಕೊಂಡಳು. ಅಂದಿನಿಂದ ಅನ್ನವೂ ಸೇರದು, ನಿದ್ದೆಯೂ ಹತ್ತದು.

"ಇದು ನಿನ್ನ ಮಾತೇ ತಾನೆ?" ಈಗ ಫೋನನ್ನು ಅವನ ಮುಖಕ್ಕೆ ಹಿಡಿದಳು.

ಓದಿದವನ ಕಣ್ಣು ಅಗಲವಾಯಿತು. "ಅಯ್ಯೋ! ನಾನಂದಿದ್ದು ಇದಲ್ಲ ಕಣೇ!"

"ಈಗ ಹಂಗಂತೀಯ."

"ಒಸಿ ಇರು... ನಿಂತ್ಕೋ!"

ಅವನು ಕಂಪನಿಯ ಆ್ಯಪ್ ತೆರೆದ. ಹಳೆಯ ಧ್ವನಿಯನ್ನು ಅದು ಆಗಲೇ ಅಳಿಸಿಹಾಕಿತ್ತು. ಫೋನನ್ನು ಬಾಯಿಯ ಹತ್ತಿರ ತಂದು, ಅವಳತ್ತ ನೋಡದೆ, ಅಂದೇಬಿಟ್ಟ:

"ನಿನ್ ಬುಟ್ಟು ನಂಗಿರಕ್ಕಾಗಲ್ಲ."

ಸುಮನಾ ಹೊಸ್ತಿಲಿನಿಂದಲೇ ಪರದೆಯತ್ತ ಬಗ್ಗಿದಳು.

ಪರದೆಯ ಮೇಲೆ ಥಟ್ಟನೆ ಮೂಡಿತು: ‘ನಿನ್ನ ಬಿಟ್ಟೆ. ನನಗೆ ಇರಕ್ಕಾಗಲ್ಲ.’

ಅದೇ ಸಾಲು... ಅಕ್ಷರ ಕೂಡ ಬದಲಾಗಿಲ್ಲ!

ಹಾಗಾದರೆ ಅವತ್ತೂ ಇವನು...

ಮುನಿಕೃಷ್ಣ ಲ್ಯಾಪ್‌ಟಾಪ್ ಎಳೆದುಕೊಂಡು ಹಟ್ಟಿಮಾತಿಗೂ ಅದನ್ನೇ ಹೇಳಿದ. ಹೊರಗೆ ಅವಳು ಹತ್ತಬೇಕಿದ್ದ ಹೊಂಗನೂರಿನ ಬಸ್ಸು ಹಾರ್ನ್ ಹೊಡೆಯಿತು. ಪರದೆಯಲ್ಲಿ ಚಕ್ರ ತಿರುಗುತ್ತಲೇ ಇತ್ತು. ಅವಳ ಕಣ್ಣು ಬಸ್ಸಿನತ್ತ, ಪರದೆಯತ್ತ, ಮತ್ತೆ ಬಸ್ಸಿನತ್ತ... ಬೇಗ ಬಾರೋ!

ಕೊನೆಗೆ ಬಂತು. ‘ನಿನ್ ಬುಟ್ಟು ನಂಗಿರಕ್ಕಾಗಲ್ಲ.’

"ಅದಕ್ಕೆ ಆ ‘ಬುಟ್ಟು’ ಹೇಳ್ಕೊಟ್ಟಿದ್ದು ಭದ್ರಮ್ಮ," ಅಂದಳು ಸುಮನಾ ಮೆಲ್ಲಗೆ. "‘ಈ ಹುಳ ಬುಟ್ಟು ಎಲ್ಲಿಗವ್ವಾ ಹೋಗ್ಲಿ’ ಅಂತ ಗೊಣಗ್ತಾನೇ ಇದ್ರು."

ಮುನಿಕೃಷ್ಣನ ತಲೆ ತಗ್ಗಿತು. "ಆ ದನೀನ ನಾನೇ ಎತ್ತಿ ಕೊಟ್ಬುಟ್ಟೆ ಸುಮನಾ. ಅಲ್ಲಿಂದ ತಗೀತೀನಿ. ಆದ್ರೆ ಅವ್ರು ಏನೇನ್ ಇಟ್ಕೊಂಡವ್ರೋ..."

"ಮೂಲದ ದನಿ ನನ್ನ ಹತ್ರ ಭದ್ರವಾಗಿದೆ. ಆದ್ರೆ ಕೊಟ್ಟ ಮಾತು?"

"ನಾನೇ ಬತ್ತೀನಿ. ತಪ್ಪಾಯ್ತು ಅಂತ ಭದ್ರಮ್ಮಂಗೆ ಹೇಳ್ತೀನಿ."

"ಬೈತಾರೆ."

"ಬೈಲಿ. ಅದ್ನೂ ರೆಕಾರ್ಡ್ ಮಾಡ್ಕೋ, ಹಟ್ಟಿಮಾತಿಗೆ ಬೈಗುಳ ಒಸಿ ಕಮ್ಮಿ ಐತೆ."

ನಗಬಾರದು ಅಂದುಕೊಂಡೇ ನಕ್ಕಳು, ಕಣ್ಣಲ್ಲಿ ನೀರು ತುಂಬಿಕೊಂಡು.

"ಆ ಆ್ಯಪ್‌ನಲ್ಲಿ ನಮ್ಮ ವಿಳಾಸದ ಬೋರ್ಡ್ ಮಾತ್ರ ಇರ್ಲಿ ಕೃಷ್ಣ. ಹಟ್ಟಿಮಾತಿನ ಮನೆ ಇಲ್ಲೇ ಇರ್ಬೇಕು."

"ಜನ ಬರ್ದೇ ಹೋದ್ರೆ?"

ಅವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದಳು. ಹೊರಗೆ ಬಸ್ಸು ಹೊರಟುಹೋದ ಸದ್ದು.

"ಇನ್ನೊಂದ್ ಸಲ ಹೇಳು."

"ಯಾವುದಕ್ಕೆ? ಆ್ಯಪ್‌ಗಾ, ಹಟ್ಟಿಮಾತಿಗಾ?"

"ನನಗೆ."