ಗಂಡು ನೋಡಲು ಹೋದ ಸಕ್ರವ್ವ

ತಲೆಯ ಮೇಲೆ ಬೀಜದ ಬುಟ್ಟಿ ಹೊತ್ತು ಹಳ್ಳ ದಾಟಿ ಬಂದ ಸಕ್ರವ್ವ ದಂಡೆಯ ಮೇಲೆ ಗಕ್ಕನೆ ನಿಂತಳು. ಅವಳ ಹೊಲದಲ್ಲಿ ಯಾವನೋ ಒಬ್ಬ ಕೂರಿಗೆ ಹೂಡಿ ಜೋಳ ಬಿತ್ತುತ್ತಿದ್ದ! ಬಿತ್ತುವುದಷ್ಟೇ ಆಗಿದ್ದರೆ ಹೋಗಲಿ, ಸೀಟಿ ಹಾಕಿಕೊಂಡು ಬಿತ್ತುತ್ತಿದ್ದ. ಆಗಲೇ ಅರ್ಧ ಹೊಲ ಮುಗಿದಿತ್ತು.

"ಏ ಯಪ್ಪಾ! ನಿಲ್ಲಸು ಎತ್ತು!"

ಎತ್ತು ನಿಂತವು. ಅವನು ತಿರುಗಿ ನೋಡಿದ. ಎತ್ತರದ ಆಳು, ಬಿಸಿಲಿಗೆ ಕಂದಿದ ಮುಖ, ಹೊಲಕ್ಕೆ ಯಾರೂ ಹಾಕಿಕೊಂಡು ಬರದ ಹೂವಿನ ಶರ್ಟು.

"ಯಾರ್ರಿ ನೀವು? ನಮ್ಮ ಹೊಲದಾಗ ನಿಂತು ನಮಗ ದಬಾಯಿಸ್ತೀರಲ್ಲ?"

"ನಿಮ್ಮ ಹೊಲಾ? ಯಾವಾಗಿಂದ?"

"ನಮ್ಮಪ್ಪನ ಕಾಲದಿಂದ್ರಿ. ಊರಾಗ ಅಂದಪ್ಪ ಅಂತ ನಮ್ಮಣ್ಣ ಅದಾನ. ಬೇಕಾದ್ರ ಕೇಳಿ ಬರ್ರಿ."

ಸಕ್ರವ್ವನಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಇವನೇ ಹುಲ್ಲಪ್ಪ. ಮೀಸೆ ಮೂಡುವ ವಯಸ್ಸಿನಲ್ಲಿ ಅಣ್ಣನೊಡನೆ ಜಗಳವಾಡಿ ಗೋವಾಕ್ಕೆ ಓಡಿಹೋಗಿದ್ದವನು. ಅವನು ಹೋದ ಮೇಲೆ ಅವನ ಅಣ್ಣನೂ ಸಕ್ರವ್ವನ ಅಪ್ಪನೂ ಹೊಲ ಅದಲು ಬದಲು ಮಾಡಿಕೊಂಡಿದ್ದರು. ಹಳ್ಳದಾಚೆಯ ಈ ಹೊಲ ಇವರಿಗೆ, ಊರ ಮಗ್ಗುಲಿನ ಹೊಲ ಅವರಿಗೆ. ಇವನು ನಿನ್ನೆ ಸಂಜೆ ಗುಡೂರಿನ ಬಸ್ಸಿಗೆ ಬಂದಿಳಿದಿದ್ದಾನೆ. ಅಣ್ಣ ಇಳಕಲ್ಲಿನ ಸಂತೆಗೆ ಹೋಗಿದ್ದಾನೆ. ಮಳೆಯಾಗಿ ನೆಲ ಒಳ್ಳೆಯ ಹದದಲ್ಲಿದೆ, ಅಣ್ಣ ಬರುವಷ್ಟರಲ್ಲಿ ಬಿತ್ತಿ ತೋರಿಸೋಣವೆಂದು ಯಾರನ್ನೂ ಕೇಳದೆ ಹೂಡಿಕೊಂಡು ಬಂದುಬಿಟ್ಟಿದ್ದಾನೆ. ಊರು ಬಿಟ್ಟು ಹೋದವರೆಲ್ಲ ಹೀಗೇ ನೋಡಿ, ತಾವು ಇಲ್ಲದಾಗ ಊರು ಅಲ್ಲಾಡದೆ ನಿಂತಿರುತ್ತದೆ ಎಂದುಕೊಂಡಿರುತ್ತಾರೆ.

ಅವಳು ಹೇಳಿದ್ದನ್ನು ಕೇಳಿ ಹುಲ್ಲಪ್ಪನ ಕೈಯಿಂದ ಹಗ್ಗ ಜಾರಿತು. ಕಿವಿಗಳು ಕೆಂಪಾದವು. ಬಿತ್ತಿದ ಸಾಲು ನೋಡಿದ, ಅವಳನ್ನು ನೋಡಿದ, ಮತ್ತೆ ಸಾಲು ನೋಡಿದ. ಅವನ ಆ ಪೇಚಾಟ ಕಂಡು ನಗು ಬಂದು ಸಕ್ರವ್ವ ತುಟಿ ಕಚ್ಚಿಕೊಂಡಳು.

"ಹರಗಿ ಕೊಟ್ಟುಬಿಡ್ತೇನ್ರಿ. ಬಿತ್ತೇ ಇಲ್ಲ ಅಂತ ತಿಳೀರಿ."

"ಬಾಯಿ ಮುಚ್ಚು! ಬಿತ್ತಿದ ನೆಲಾ ಹರಗ್ತಾರೇನು?"

ಆ ಸೀಮೆಯಲ್ಲಿ ಅದು ಯಾರೂ ಮೀರದ ಮಾತು. ಬೀಜ ಬಿದ್ದರೆ ಭೂಮ್ತಾಯಿಯ ಉಡಿ ತುಂಬಿದಂತೆ. ತುಂಬಿದ ಉಡಿ ಬಿಚ್ಚಿ ಕಾಳು ತೆಗೆಯುವ ಪಾಪಿ ಯಾರಿದ್ದಾರೆ? ಸುದ್ದಿ ಕೇಳಿ ಬಂದ ಸಕ್ರವ್ವನ ತಾಯಿ ಗುರುಲಿಂಗವ್ವ ಬದುವಿನ ಮೇಲೆ ಕೂತು, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ತೀರ್ಪು ಹೇಳಿಯೇಬಿಟ್ಟಳು.

"ಅರ್ಧಾ ನೀ ಬಿತ್ತೀದಿ, ಅರ್ಧಾ ನಾವು ಬಿತ್ತತೇವಿ. ರಾಶಿ ಆಗೂತನ ಇಬ್ರೂ ಕೂಡಿ ದುಡೀರಿ. ನೀ ಬಿತ್ತಿದ್ದರಾಗ ಕೋರು, ಅರ್ಧಾ ನಿನಗ ಅರ್ಧಾ ನಮಗ. ಮೊದಲು ಆ ಅಂಗಿ ಬದಲಿಸಪಾ, ಎತ್ತು ಬೆದರ್ತಾವು."

ಹೀಗೆ ಎಪ್ಪತ್ತೆಂಟರ ಹಿಂಗಾರಿಗೆ ಒಂದೇ ಹೊಲದಲ್ಲಿ ಇಬ್ಬರ ಬೆಳೆ ಎದ್ದಿತು. ಮೊಳಕೆ ಬಂದ ಮೇಲೆ ದಾರಿಹೋಕರೆಲ್ಲ ನಿಂತು ನಿಂತು ನಕ್ಕರು. ಸಕ್ರವ್ವನ ಸಾಲು ದಾರ ಹಿಡಿದು ಎಳೆದಂತೆ ನೆಟ್ಟಗಿದ್ದವು. ಹುಲ್ಲಪ್ಪನವು ಹಡಗಿನ ಮೇಲೆ ನಿಂತು ಬಿತ್ತಿದಂತೆ ಓಲಾಡುತ್ತಿದ್ದವು.

ಹುಲ್ಲಪ್ಪನೂ ನಕ್ಕ. ಅವನು ನಕ್ಕರೆ ಮೊದಲು ಕಣ್ಣು ನಗುತ್ತಿದ್ದವು, ಆಮೇಲೆ ತುಟಿ. ಇದನ್ನು ಸಕ್ರವ್ವ ಯಾವಾಗ ಗಮನಿಸಿದಳೋ ಅವಳಿಗೇ ಗೊತ್ತಿಲ್ಲ. ಕಸ ತೆಗೆಯುವಾಗ ತಲೆ ಎತ್ತಿದರೆ ಅವನು ಇತ್ತ ನೋಡುತ್ತಿರುತ್ತಿದ್ದ. ಇವಳು ಹುಬ್ಬು ಗಂಟಿಕ್ಕಿದರೆ ಹಕ್ಕಿ ನೋಡುವವನಂತೆ ಆಕಾಶ ನೋಡುತ್ತಿದ್ದ.

"ಅಲ್ಲಿ ಹಕ್ಕಿ ಇಲ್ಲ," ಎನ್ನುತ್ತಿದ್ದಳು.

"ಇತ್ತು. ನೀ ನೋಡಿದಿ, ಹಾರಿ ಹೋತು."

ತೆನೆಯಲ್ಲಿ ಹಾಲು ಕಟ್ಟಿದಾಗ ಅವನು ಬದುವಿನ ಮೇಲೆ ಕುಳ್ಳಿನ ಬೆಂಕಿ ಹಾಕಿ ಸೀತನಿ ಸುಟ್ಟ. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಕಾಳನ್ನು ಅವಳ ಸೆರಗಿಗೆ ಸುರಿದ. ಕಾಳು ಸಿಹಿಯಾಗಿದ್ದವು, ಬಿಸಿಯಾಗಿದ್ದವು. ಅವನ ಅಂಗೈ ಕೆಂಪಗೆ ಕಾದಿತ್ತು.

"ಸುಡಲಿಲ್ಲೇನು?"

"ನೀ ಕೇಳಿದ ಮ್ಯಾಲೆ ಸುಡಾಕತ್ತೈತಿ."

ಸಕ್ರವ್ವ ಮುಖ ತಿರುಗಿಸಿದಳು. ಎದೆ ಹೊಡೆದುಕೊಳ್ಳುವ ಸದ್ದು ಅವನಿಗೆ ಕೇಳಿಸೀತೆಂದು ಹೆದರಿ, ಇಲ್ಲದ ಗುಬ್ಬಿ ಓಡಿಸಲು ಹೊಲದೊಳಗೆ ನಡೆದಳು. ಹೌದು, ಅವಳು ಅವನನ್ನು ಪ್ರೀತಿಸುತ್ತಿದ್ದಳು. ಇನ್ನು ಮುಚ್ಚುಮರೆ ಏನು?

ಆದರೆ ಆ ಹೊಲಕ್ಕೆ ಒಂದು ತೊಡಕಿತ್ತು. ಅಪ್ಪ ತೀರಿಕೊಂಡ ಮೇಲೆ ಹೊಲ, ಮನೆ ಎರಡೂ ಸಕ್ರವ್ವನ ಹೆಸರಿಗೆ ಬಂದಿದ್ದವು. ಕಾಕಾ ಕಾಶಪ್ಪನಿಗೆ ಅದು ಗಂಟಲಲ್ಲಿ ಸಿಕ್ಕಿದ ಮುಳ್ಳು. ಅವಳು ಮದುವೆಯಾಗಿ ಬೇರೆ ಊರಿಗೆ ಹೋದರೆ ಹೊಲ ತಾನು ಮಾಡಬೇಕು, ಇಲ್ಲವೇ ತನ್ನ ಹೆಂಡತಿಯ ತಮ್ಮನನ್ನೇ ಅವಳು ಕಟ್ಟಿಕೊಳ್ಳಬೇಕು. ಅವನ ಲೆಕ್ಕದಲ್ಲಿ ಮೂರನೆಯ ದಾರಿಯೇ ಇರಲಿಲ್ಲ. ಸಕ್ರವ್ವನಿಗೋ ಅಪ್ಪನ ಮಣ್ಣೂ ಬೇಕು, ಹುಲ್ಲಪ್ಪನೂ ಬೇಕು. ಅವನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳು ಮಾರಾಯ, ಕೇಳು ಎಂದು ಚಳಿಗಾಲವಿಡೀ ಕಾದಳು.

ರಾಶಿಯ ದಿನ, ಎತ್ತು ತೆನೆ ತುಳಿಯುವ ಹಂತಿಯ ಕಣದಲ್ಲಿ, ಮಂದಿಯ ಮುಂದೆ, ಕಾಶಪ್ಪ ನಾಲಿಗೆ ಹರಿಬಿಟ್ಟ.

"ತಪ್ಪಿ ಬಿತ್ತಿದ್ನಂತ, ತಪ್ಪಿ! ಗಂಡು ದಿಕ್ಕಿಲ್ಲದ ಹೊಲಾ ನೋಡೇ ಕೂರಿಗಿ ಹೂಡ್ಯಾನ. ಈಗ ಹೊಲ ಆತು, ಇನ್ನ ಮನಿಗೆ ಕೈ ಹಾಕ್ತಾನ ನೋಡ್ರಿ."

ಹುಲ್ಲಪ್ಪ ಮೊರ ಕೆಳಗಿಟ್ಟ. ತನ್ನ ಪಾಲಿನ ಜೋಳವನ್ನೂ ಗುರುಲಿಂಗವ್ವನ ರಾಶಿಗೆ ಸೇರಿಸಿ ಹಳ್ಳದ ಕಡೆ ನಡೆದುಬಿಟ್ಟ. ಸಕ್ರವ್ವ ಓಡಿ ಹೋಗಿ ಅಡ್ಡ ನಿಂತಳು.

"ಒಂದ ಮಾತ ಹೇಳದ ಹೊಂಟಿಯೇನು?"

ಅವನ ಕಣ್ಣು ಆ ದಿನ ನಗಲಿಲ್ಲ. "ಹೇಳೂದು ಭಾಳ ಐತಿ ಸಕ್ರವ್ವ. ನಿನ್ನ ಬಿಟ್ರ ನನಗ ಬ್ಯಾರೆ ಧ್ಯಾಸಾನ ಇಲ್ಲ. ಆದ್ರ ಏನ್ ಹೇಳ್ಲಿ? ನಾ ನಿನ್ನ ಕೇಳಿದ್ರ ಹೊಲಾ ಕೇಳಿದಂಗ ಆಗ್ತೈತಿ. ಸಾಯೂತನ ಮಂದಿ ಹಂಗ ಅಂತಾರ, ನಿನಗೂ ಒಂದಿನ ಹಂಗ ಅನಸ್ತೈತಿ. ಅದಕ್ಕ ನಾ ಕೇಳಂಗಿಲ್ಲ."

ಮರುದಿನದ ಬಸ್ಸಿಗೆ ಅವನು ಮತ್ತೆ ಗೋವಾಕ್ಕೆ ಹೋದ. ಬಸವ ಜಯಂತಿ ಆಗುತ್ತಲೇ ತನ್ನ ಮೈದುನನೊಡನೆ ಸಕ್ರವ್ವನ ನಿಶ್ಚಯ ಮಾಡುವುದೆಂದು ಕಾಶಪ್ಪ ಊರಿಗೆಲ್ಲ ಸಾರಿದ.

ಸಕ್ರವ್ವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ರೊಟ್ಟಿ ಬಡಿಯುತ್ತಾ ಬಡಿಯುತ್ತಾ ಒಂದು ರೊಟ್ಟಿ ಹರಿದೇ ಹೋಯಿತು. ಅವನು ಕೇಳುವಂತಿಲ್ಲ, ಸರಿ. ನಾನು ಕೇಳಬಾರದೆಂದು ಯಾರು ಹೇಳಿದ್ದಾರೆ?

"ಯವ್ವಾ, ಸೀರಿ ಉಟಕೋ. ಗಂಡು ನೋಡಾಕ ಹೋಗೂಣು."

ಗುರುಲಿಂಗವ್ವ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಏನಂದಿ? ಗಂಡಿನವ್ರು ಹೆಣ್ಣು ನೋಡಾಕ ಬರ್ತಾರ, ತಂಗಿ. ಹೆಣ್ಣಿನವ್ರು ಎದ್ದು ಹೋಗೂದು ಎಲ್ಯರ ಐತೇನು?"

"ನೀ ಸೊಸೀನ್ನ ತರೂದಿದ್ರ ನೋಡದ ತರ್ತಿದ್ದೇನು? ಮನಿಗೆ ಬರೂ ಜೀವಾನ ಮನಿಯವ್ರ ಹೋಗಿ ನೋಡಬೇಕು. ನಮ್ಮ ಮನಿಗೆ ಬರಾಂವ ಅಂವ."

ಗುರುಲಿಂಗವ್ವ ಒಲೆಯ ಉರಿ ತಗ್ಗಿಸಿದಳು. ಆಮೇಲೆ ಎದ್ದು ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಳು. ಸರಿ, ಮುಗಿಯಿತಲ್ಲ!

ಪಕ್ಕದ ಮನೆಯ ಗುಲಾಬಬಿಯ ಗಂಡ ಅಹ್ಮದಸಾಬನೂ ಹುಲ್ಲಪ್ಪನಿದ್ದ ಗೋವಾದ ವಾಸ್ಕೋ ಬಂದರಿನಲ್ಲೇ ದುಡಿಯುತ್ತಿದ್ದ. ದಾರಿ ಬಲ್ಲ ಗುಲಾಬಬಿಯೇ ಮುಂದಾದಳು. ಹುಬ್ಬಳ್ಳಿಯ ತನಕ ಬಸ್ಸು, ಅಲ್ಲಿಂದ ರೈಲು. ಇಳಕಲ್ಲಿನ ಆಚೆ ಕಾಲಿಡದಿದ್ದ ಗುರುಲಿಂಗವ್ವ ಘಟ್ಟದ ಸುರಂಗ ಬಂದಾಗಲೆಲ್ಲ ಕಣ್ಣು ಮುಚ್ಚಿ "ಬಸವಾ ಬಸವಾ" ಎಂದಳು. ಸಮುದ್ರ ಕಂಡಾಗ ಮಾತ್ರ ಕಣ್ಣರಳಿಸಿ ನಿಂತಳು.

"ಇಷ್ಟು ನೀರು ಇಲ್ಲಿ ಯಾಕ ಬಿದ್ದೈತಿ? ನಮ್ಮ ಕಡೆ ಹರಸಬಾರ್ದೇನು?"

"ಉಪ್ಪು ನೀರು, ಅಕ್ಕಾ," ಎಂದು ಗುಲಾಬಬಿ ನಕ್ಕಳು. "ನಿಮ್ಮ ಜ್ವಾಳಾ ಸುಟ್ಟು ಹೋಗ್ತಾವು."

ಕೂಲಿಗಳ ತಗಡಿನ ಮನೆಯ ಬಾಗಿಲಲ್ಲಿ ಅಹ್ಮದಸಾಬ ಕೂಗಿದ: "ಹುಲ್ಲಪ್ಪಾ, ನಿನ್ನ ನೋಡಾಕ ಬಂದಾರಪಾ!"

ಹುಲ್ಲಪ್ಪ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದ. ಮೂಗಿನ ಮೇಲೆ ಹಿಟ್ಟು. ಬಾಗಿಲಲ್ಲಿ ಸಕ್ರವ್ವನನ್ನು ಕಂಡು ಎದ್ದು ನಿಂತ, ಕೂತ, ಮತ್ತೆ ಎದ್ದ. ಹೆಂಚಿನ ಮೇಲಿನ ರೊಟ್ಟಿ ಹೊಗೆಯಾಡಿತು.

"ಮೊದಲು ರೊಟ್ಟಿ ತಿರುವು," ಎಂದಳು ಅವಳು.

ಗುರುಲಿಂಗವ್ವ ಮಂಚದ ಮೇಲೆ ಹಿರಿಯರಂತೆ ಕೂತಳು. ಸಕ್ರವ್ವ ಪಕ್ಕದಲ್ಲಿ. ಸುತ್ತಲಿನ ಹುಡುಗರೆಲ್ಲ ಕಿಟಕಿಗೆ ಮುಗಿಬಿದ್ದರು.

"ಹೆಸರೇನಪಾ?" ಗುರುಲಿಂಗವ್ವ ಶುರು ಮಾಡಿದಳು.

"ಯತ್ತೀ, ನನ್ನ ಹೆಸರು ನಿಮಗ..."

"ಕೇಳಿದ್ದಕ್ಕ ಹೇಳು. ನಾವು ಗಂಡು ನೋಡಾಕ ಬಂದೇವಿ."

ಕಿಟಕಿಯಲ್ಲಿ ನಗು ಸಿಡಿಯಿತು. ಹುಲ್ಲಪ್ಪನ ಕಿವಿ ಮತ್ತೆ ಕೆಂಪಾಯಿತು. "ಹುಲ್ಲಪ್ಪ," ಎಂದ, ನೆಲ ನೋಡುತ್ತಾ.

"ನಡದು ತೋರಸು," ಸಕ್ರವ್ವ ಎಂದಳು.

ನಡೆದ. ಗೋಡೆಯ ತನಕ ಹೋಗಿ ತಿರುಗಿ ಬಂದ. ಬರುವಾಗ ಅವನ ಕಣ್ಣು ನಗತೊಡಗಿದ್ದವು.

"ಎತ್ತು ಹೂಡಾಕ ಬರ್ತೈತೇನು?"

"ಬರ್ತೈತಿ. ಹೊಲ ಯಾರ್ದಂತ ಕೇಳಿ ಹೂಡಬೇಕು ಅಂಬೂದನ್ನ ಹೊಸದಾಗಿ ಕಲ್ತೇನಿ."

ನಗಬಾರದೆಂದು ಎಷ್ಟು ಗಟ್ಟಿ ಮಾಡಿಕೊಂಡು ಬಂದಿದ್ದಳೋ! ಆದರೂ ನಕ್ಕುಬಿಟ್ಟಳು. ನಗು ಮುಗಿದ ಮೇಲೆ ನೆಟ್ಟಗೆ ಕೂತಳು.

"ಕೇಳು, ಹುಲ್ಲಪ್ಪಾ. ಹೊಲ ನನ್ನ ಹೆಸರಲೇ ಇರ್ತೈತಿ. ಮನಿನೂ. ಅದನ್ನ ನಾ ಯಾರಿಗೂ ಬರದು ಕೊಡಂಗಿಲ್ಲ, ನಿನಗೂ. ಮನಿ ಅಳ್ಯಾ ಅಂತ ಮಂದಿ ಆಡಿಕೊಂತಾರ, ಹೊಲಕ್ಕ ಬಂದಾನ ಅಂತಾರ. ಅನ್ನಲಿ. ನೀ ಕೇಳಿ ಬಂದಿಲ್ಲ, ನಾ ಘಟ್ಟಾ ಇಳದು ಬಂದು ಕರದೇನಿ. ನನಗ ದುಡಿಯೂ ಆಳು ಬ್ಯಾಡ, ನೀ ಬೇಕು. ಬರ್ತೀಯೋ ಇಲ್ಲೋ?"

ಹುಲ್ಲಪ್ಪ ಅವಳೆದುರು ಮೊಣಕಾಲೂರಿ ಕೂತ. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗೆ ಮಾಡಿಕೊಂಡ.

"ಬರದು ಕೊಡ್ತೇನಿ ಅಂದಿದ್ರ ಬರ್ತಿದ್ದಿಲ್ಲ," ಎಂದ. "ಈಗ ಬರ್ತೇನಿ. ಇವತ್ತ ಕರದ್ರ ಇವತ್ತ."

"ಗಂಡು ಪಸಂದ ಐತಿ," ಎಂದು ಗುರುಲಿಂಗವ್ವ ರೊಟ್ಟಿ ಮುರಿದು ಬಾಯಿಗಿಟ್ಟಳು. "ರೊಟ್ಟಿ ಸ್ವಲ್ಪ ದಪ್ಪ ಆತು. ನಡೀತೈತಿ."

ಊರಿಗೆ ಮರಳಿ ಬಂದರೆ ಕಾಶಪ್ಪ ಮಂದಿ ಸೇರಿಸಿಕೊಂಡು ಸಕ್ರವ್ವನ ಮನೆಯ ಕಟ್ಟೆಯ ಮೇಲೇ ಕೂತಿದ್ದ. "ಗಂಡಸಿನ ಬೆನ್ನು ಹತ್ತಿ ಊರು ಬಿಟ್ಟು ಹೋಗಿದ್ಲು! ನಮ್ಮ ಮನಿತನದ ಮಾನ ಏನಾತು?"

ಸಕ್ರವ್ವ ಗಂಟು ಇಳಿಸಿ ಅವನೆದುರು ನಿಂತಳು. "ಗಂಡು ನೋಡಾಕ ಹೋಗಿದ್ವಿ, ಕಾಕಾ. ನಮಗ ಒಪ್ಪಿಗಿ ಆಗೈತಿ. ನಿಮ್ಮ ಮೈದುನಗ ಬ್ಯಾರೆ ಹೆಣ್ಣು ನೋಡ್ರಿ. ಮದವಿಗೆ ಮಾತ್ರ ತಪ್ಪಸಬ್ಯಾಡ್ರಿ, ಹಿರೇರು ನೀವು."

ಸೇರಿದ್ದ ಮಂದಿಯಲ್ಲಿ ಮೊದಲು ಒಬ್ಬ ಮುದುಕಿ ನಕ್ಕಳು, ಆಮೇಲೆ ಎಲ್ಲರೂ. ಕಾಶಪ್ಪ ಹೆಗಲ ಮೇಲಿನ ಟವೆಲ್ ಜಾಡಿಸಿಕೊಂಡು ಎದ್ದುಹೋದ.

ಗುರುಲಿಂಗವ್ವ ಅಂದಪ್ಪನ ಮನೆಗೆ ಹೋಗಿ, ಗಂಡಿನವರು ಹೆಣ್ಣು ಕೇಳುವಂತೆ, ಅವನ ತಮ್ಮನನ್ನು ಕೇಳಿದಳು. ಮೊದಲು ಅಂದಪ್ಪ ಮುಖ ಸಿಂಡರಿಸಿದ. ಗೋವಾದಲ್ಲಿ ಎಲ್ಲೋ ಇರುವುದಕ್ಕಿಂತ ಹಳ್ಳದಾಚೆಯ ಹೊಲದಲ್ಲಿ ತಮ್ಮ ದಿನಾ ಕಣ್ಣಿಗೆ ಕಾಣುತ್ತಾನೆಂದು ಹೊಳೆದಾಗ ಮೆತ್ತಗಾದ. ಕೊನೆಗೆ ಹೆಣ್ಣು ಹೆತ್ತವನ ಹಾಗೆ ಕಣ್ಣಲ್ಲಿ ನೀರು ತಂದುಕೊಂಡ.

"ನಮ್ಮ ಹುಡುಗನ್ನ ಚಂದಂಗ ನೋಡ್ಕೋರ್ರಿ, ಅಕ್ಕಾರ. ತಿಳಿವಳಿಕಿ ಕಮ್ಮಿ."

ಮದುವೆಯಾದ ದಿನ ಹುಲ್ಲಪ್ಪ ಟ್ರಂಕು ಹಿಡಿದು, ಬಾಸಿಂಗ ಕಟ್ಟಿಕೊಂಡು ಸಕ್ರವ್ವನ ಬಾಗಿಲಿಗೆ ಬಂದ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಅದನ್ನು ಒದ್ದು ಒಳಗೆ ಬರುವುದು ಹೊಸ ಸೊಸೆಯ ಹಕ್ಕು. ಗಂಡಸು ಒದ್ದದ್ದನ್ನು ಆ ಊರು ಕಂಡಿರಲಿಲ್ಲ. ಹೆಂಗಸರ ಹಾಡು ತಡವರಿಸಿತು. ಒಳಗೆ ಪಡಸಾಲೆಯ ಮೂಲೆಯಲ್ಲಿ, ಊಟ ಬಿಡಲಾರದೆ ಬಂದಿದ್ದ ಕಾಶಪ್ಪ, ಏನಾಗುತ್ತದೋ ನೋಡೋಣ ಎಂದು ಕತ್ತು ಉದ್ದ ಮಾಡಿದ.

ಸಕ್ರವ್ವ ಮುಂದೆ ಬಂದು ಹೊಸ್ತಿಲ ಒಳಗೆ ನಿಂತಳು. ಹುಲ್ಲಪ್ಪ ಅವಳ ಮುಖ ನೋಡಿದ.

"ಒದೀಲೇನು?" ಎಂದ ಮೆಲ್ಲಗೆ.

ಅವಳು ಮೆಲ್ಲಗೆ ಹೇಳಲಿಲ್ಲ. ಓಣಿಯ ತುದಿಗೂ ಕೇಳುವಂತೆ ಹೇಳಿದಳು.

"ಒದಿ. ಯಾರಿಗೆ ಅಂಜತಿ? ನಿನ್ನ ಮನಿ ಐತಿ."

ಅವನು ಒದ್ದ. ಗಂಡುಗಾಲಿನ ಏಟಿಗೆ ಸೇರು ಪಡಸಾಲೆಯ ಉದ್ದಕ್ಕೂ ಉರುಳಿತು, ಕಾಶಪ್ಪ ಎರಡೂ ಕಾಲು ಮೇಲೆತ್ತಿಕೊಂಡ, ಅಕ್ಕಿ ಮೂಲೆ ಮೂಲೆಗೆ ಹಾರಿತು. ಹೆಂಗಸರು ಹೋ ಎಂದು ನಕ್ಕು ಹಾಡನ್ನು ಮೊದಲಿನಿಂದ ಎತ್ತಿಕೊಂಡರು. ಸಕ್ರವ್ವ ಕೈ ಚಾಚಿದಳು. ಹುಲ್ಲಪ್ಪ ಆ ಕೈ ಹಿಡಿದು, ಚೆಲ್ಲಿದ ಅಕ್ಕಿಯ ಮೇಲೆ ಬಲಗಾಲಿಟ್ಟು ಒಳಗೆ ಬಂದ.