ಕಾಣೆಯಾದ ಸೌರ ಅರ್ಜಿ

ಸಂಘದ ಬೀರುವಿನಲ್ಲಿ ಅರ್ಜಿ ಇರಲಿಲ್ಲ. ಶೆಡ್ಡುಗಳ ಮೇಲೆ ಸೌರ ವಿದ್ಯುತ್ ತಯಾರಿಸಿ, ಮಿಕ್ಕಿದ್ದನ್ನು ಲೈನಿಗೆ ಕೊಡಲು ಅನುಮತಿ ಕೇಳಿ ರಾಯದುರ್ಗದ ಅರವತ್ತನಾಲ್ಕು ಜೀನ್ಸ್ ಟೈಲರ್‌ಗಳು ಸಹಿ ಹಾಕಿದ್ದ ಅರ್ಜಿ ಅದು. ಹನ್ನೊಂದಕ್ಕೆ ಊರಲ್ಲೇ ವಿದ್ಯುತ್ ನಿಯಂತ್ರಣ ಆಯೋಗದ ವಿಚಾರಣೆ. ಮೂಲ ಸಹಿಗಳಿಲ್ಲದಿದ್ದರೆ ಅರ್ಜಿ ವಜಾ.

"ಈಕೀನ ಮಾರ್ಕೊಂಡಾಳ!" ಸೇರಿದ್ದ ಟೈಲರ್‌ಗಳು ಕೂಗಿದರು.

ಕಾರ್ಯದರ್ಶಿ ಆದಿಲಕ್ಷ್ಮಿ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಟೈಲರ್ ಈರಕ್ಕನಿಗೂ ಅವಳ ಮೇಲೆಯೇ ಅನುಮಾನ. ಆದರೂ ನಿವೃತ್ತ ಲೈನ್‌ಮನ್ ಪಾಲಯ್ಯನನ್ನು ಕರೆತಂದವಳು ಈರಕ್ಕನೇ. ಊರಿನ ಕಳವುಗಳ ಪತ್ತೆಗೆ ಹತ್ತು ವರ್ಷದಿಂದ ಅವನ ಜೊತೆಗಾತಿ.

"ನಿನ್ನೆ ಎರಡಕ್ಕೆ ಊರೆಲ್ಲ ಕರೆಂಟ್ ಹೋತ್ರಿ," ಎಂದಳು ಆದಿಲಕ್ಷ್ಮಿ. "ಎಲ್ಲಾರೂ ಮನೀಗೆ ಹೋದ್ವಿ. ಬೀರೂನ ಬೀಗದಕೈ ಇಲ್ಲೇ ಗ್ವಾಡಿ ಮೊಳಿಗೆ ಹಾಕಿದ್ದೆ. ನಾಕಕ್ಕ ಕರೆಂಟ್ ಬಂದ ಮ್ಯಾಲ ಬಂದೆ."

"ಸುಳ್ಳು!" ಎಂದ ಸಂಘದ ಅಧ್ಯಕ್ಷ ಯರ್ರಪ್ಪ. "ಮೂರಕ್ಕ ನನ್ನ ಶೆಡ್ಡಿನ ಕಿಟಕ್ಯಾಗಿಂದ ನೋಡೀನಿ. ಫೈಲ್ ಹಿಡಕೊಂಡು ಹೊಂಟಿದ್ಲು."

"ಕರೆಂಟಿಲ್ದ ಶೆಡ್ಡಿನಾಗ ಏನ್ ಮಾಡ್ತಿದ್ರಿ?" ಎಂದ ಪಾಲಯ್ಯ.

"ಹೊಲೀತಿದ್ದೆ. ಮ್ಯಾಲ ಪ್ಯಾನೆಲ್ ಹಾಕಿಸಿ ಎಂಟು ದಿನಾತು. ಜನರೇಟರ್ ಮುಟ್ಟೇ ಇಲ್ಲ."

"ಬ್ಯಾಟರಿ?"

"ಯಾಕ ಬೇಕ್ರಿ? ಮಾದರಿಗಂತ ನನ್ನೊಬ್ಬಗ ಒಪ್ಪಿಗಿ ಕೊಟ್ಟಾರ, ನೇರ ಲೈನಿಗೇ ಕಟ್ಟೈತಿ."

ಪಾಲಯ್ಯ ಮೊಳೆಯಿಂದ ಬೀಗದಕೈ ತೆಗೆದು ಈರಕ್ಕನ ಮೂಗಿನ ಬಳಿ ಹಿಡಿದ. ಡೀಸೆಲ್ ವಾಸನೆ. ಅವನು ಕಿವಿಯಲ್ಲಿ ಹೇಳಿದ ಜಾಗಕ್ಕೆ ಅವಳು ಹೋಗಿಬಂದಳು.

ಹತ್ತೂವರೆಗೆ ಅವನು ಎಲ್ಲರನ್ನೂ ಕೂರಿಸಿದ.

"ಬ್ಯಾಟರಿ ಇಲ್ದ ಲೈನಿಗೆ ಕಟ್ಟಿದ ಪ್ಯಾನೆಲ್, ಲೈನ್ ಸತ್ರ ತಾನೂ ನಿಲ್ಲತೈತಿ. ಬಿಸಿಲು ಎಷ್ಟಿದ್ರೂ ಅಷ್ಟೇ. ಇಲ್ಲಾಂದ್ರ ಅದರ ಕರೆಂಟು ಲೈನಿಗೆ ಹರಿದು ಕಂಬದ ಮ್ಯಾಲಿರೋ ಲೈನ್‌ಮನ್ ಸಾಯ್ತಾನ. ಮೂರಕ್ಕ ಯರ್ರಪ್ಪನೋರ ಮಷಿನ್ ಓಡಿಲ್ಲ. ಜನರೇಟರ್ ಮುಟ್ಟಿಲ್ಲಂತ ಇವರೇ ಹೇಳ್ಯಾರ. ಅಂದ್ರ ಹೊಲಿದಿದ್ದು ಸುಳ್ಳು. ಇನ್ನ, ಬೀಗದಕೈ ಮುಟ್ಟಿದ ಡೀಸೆಲ್ ಕೈ ಯಾರದು? ಊರಾಗ ಶೆಡ್ಡುಗಳಿಗೆ ಜನರೇಟರ್ ಬಾಡಿಗಿ ಕೊಡೋನು ಇವರ ಬಾಮೈದ ಒಬ್ಬನ. ಈರಕ್ಕ, ಅವನ ಜನರೇಟರಿನ ಪಾನಾ, ಸ್ಕ್ರೂಡ್ರೈವರ್ ಇಡೋ ಡಬ್ಬಿಯಾಗ ಏನಿತ್ತು?"

ಈರಕ್ಕ ಸೆರಗಿನಿಂದ ಫೈಲ್ ತೆಗೆದಳು.

"ಕರೆಂಟ್ ಹೋದ್ರ ಪ್ಯಾನೆಲ್ ಕೆಲಸ ಮಾಡಲ್ಲಂತ ನನಗೆಲ್ಲಿ ಗೊತ್ತು!" ಯರ್ರಪ್ಪನ ಬಾಯಿಂದ ಹೊರಬಿತ್ತು.

"ನಿನ್ನೆ ಶೆಡ್ಡಿನಾಗ ಕುಂತಿದ್ರ ಗೊತ್ತಾಗ್ತಿತ್ತು," ಎಂದ ಪಾಲಯ್ಯ.

ಯರ್ರಪ್ಪ ಹಲ್ಲು ಕಡಿದ. "ಊರಿಗೆಲ್ಲ ಬಿಸಿಲೇ ಸಾಕಾದ್ರ ಜನರೇಟರ್ ಯಾರು ಕೇಳ್ತಾರ? ಬಾಮೈದ ಮಣ್ಣು ತಿನ್ನಬೇಕೇನು?"

"ತಪ್ಪಾತವ್ವ," ಎಂದಳು ಈರಕ್ಕ. ಆದಿಲಕ್ಷ್ಮಿ ಅವಳ ಕೈಯಿಂದ ಫೈಲ್ ಕಿತ್ತುಕೊಂಡಳು. ಬಾಗಿಲಲ್ಲಿ ನಿಂತು, ಮುಖ ತಗ್ಗಿಸಿದವರನ್ನೆಲ್ಲ ಒಮ್ಮೆ ನೋಡಿದಳು.

"ಯಾಕ ಸುಮ್ಮನಾದ್ರಿ? ಏಳ್ರಿ, ಹನ್ನೊಂದಾಗಾಕ ಬಂತು. ನನ್ನ ಮ್ಯಾಲ ಮಾಡಿದ ಬಾಯಿ ಆಯೋಗದ ಮುಂದೂ ಮಾಡ್ರಿ."