ಎರಡು ಮಾತ್ರೆಗಳ ನಡುವಿನ ಖಾಲಿ ದಿನಗಳು

ಔಷಧದಂಗಡಿಯ ಗಾಜಿನ ಕೌಂಟರಿನ ಮೇಲೆ ಚೀಟಿ ಇಟ್ಟ ಕೈಯನ್ನು ಅವಳು ಮುಖಕ್ಕಿಂತ ಮೊದಲು ಗುರುತಿಸಿದಳು. ಡ್ರೈವಿಂಗ್ ಕಲಿಸುವಾಗ ಸ್ಟಿಯರಿಂಗ್ ಮೇಲಿನ ಅವಳ ಬೆರಳುಗಳನ್ನು ಮೆಲ್ಲಗೆ ಸರಿಪಡಿಸುತ್ತಿದ್ದ ಕೈ ಅದು.

"ಮೇಷ್ಟ್ರೇ, ಏನು ಬೇಕಿತ್ತು ನಿಮಗೆ?"

"ನೀನು... ಇಲ್ಲೇ ಇದೀಯಾ?"

"ನೀವು ಬಿಟ್ಟು ಹೋದ್ಮೇಲೆ ಸತ್ತೇ ಹೋಗಿರ್ತೀನಿ ಅಂದ್ಕೊಂಡಿದ್ರಾ? ಪಾಪ, ನಿರಾಸೆ ಆಯ್ತೇನೋ."

ಅಂಗಡಿಯ ಒಡತಿ, ಅವಳ ದೊಡ್ಡಮ್ಮ, ಗಲ್ಲಾದಲ್ಲಿ ಕೂತಲ್ಲೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ಇವನೇ ಏನೇ ಆ ಮಹಾನುಭಾವ?"

ಇವನೇ. ಎರಡು ವರ್ಷದ ಹಿಂದೆ ಅವಳನ್ನು ಖಿನ್ನತೆ ಹಿಡಿದಿತ್ತು. ಡಾಕ್ಟರು ಮಾತ್ರೆ ಬದಲಿಸುವಾಗ, ಹಳೆಯದು ಮೈಯಿಂದ ಪೂರ್ತಿ ಇಳಿಯಲಿ ಎಂದು ಎರಡು ವಾರ ಖಾಲಿ ಬಿಟ್ಟಿದ್ದರು. ಹಿಡಿಯಲು ಹುಲ್ಲುಕಡ್ಡಿಯೂ ಇಲ್ಲದ ಆ ದಿನಗಳಲ್ಲೇ, ಮದುವೆಯಾಗಬೇಕಿದ್ದ ಈ ಮೇಷ್ಟ್ರು "ನನ್ನ ಕೈಲಿ ಆಗಲ್ಲ" ಎಂದು ಫೋನ್ ಸ್ವಿಚ್ ಆಫ್ ಮಾಡಿದ್ದ.

ಚೀಟಿ ಓದಿದಳು. ಖಿನ್ನತೆಯ ಮದ್ದೇ. ಹಳೆಯ ಕಾಲದ್ದು, ಬೇರೆ ಯಾವುದೂ ನಾಟದಾಗ ಬರೆಯುವಂಥದ್ದು. ಮಾಡಿದ್ದುಣ್ಣೋ ಮಹಾರಾಯ ಎಂದು ಅವಳ ಮನಸ್ಸು ಕುಣಿಯಿತು.

ಮನಸ್ಸಿನ ಮದ್ದು ಯಾರೇ ಕೇಳಲಿ, ಸ್ಟೂಲಿನ ಮೇಲೆ ಕೂರಿಸಿ, ಸದ್ಯ ಬೇರೇನು ನುಂಗುತ್ತಿದ್ದೀರಿ ಎಂದು ವಿಚಾರಿಸಿಯೇ ಕೊಡುವುದು ಆ ಅಂಗಡಿಯ ಪದ್ಧತಿ. ಬೇರೆಯವರನ್ನು ಮೂಲೆಗೆ ಕರೆದು ಪಿಸುದನಿಯಲ್ಲಿ ಕೇಳುತ್ತಿದ್ದಳು. ಇವನನ್ನು ಎಲ್ಲರ ನಡುವೆ ಕೂರಿಸಿದಳು.

"ರಾತ್ರಿ ನಿದ್ದೆ ಬರುತ್ತಾ? ಅಳು ಬರುತ್ತಾ?" ಬಾಗಿಲಲ್ಲಿದ್ದವರಿಗೂ ಕೇಳಿಸಿತು.

ಅವನ ಕಿವಿ ಕೆಂಪಾಯಿತು. "ಹೂಂ."

"ಇದಕ್ಕೆ ಮುಂಚೆ ನುಂಗ್ತಿದ್ದ ಮಾತ್ರೆ ನಿಲ್ಸಿದೀರಾ?"

"ನಿಲ್ಸಿದೀನಿ."

ಅವನ ಎಡ ಹುಬ್ಬು ಮೇಲೇರಿತು. ಸುಳ್ಳು ಹೇಳಿದಾಗಲೆಲ್ಲ ಏರುವ ಹುಬ್ಬು. ಒಂದು ಕಾಲಕ್ಕೆ ಅದನ್ನು ಬೆರಳಿನಿಂದ ಕೆಳಗಿಳಿಸಿ ನಗುತ್ತಿದ್ದಳು.

ಮದ್ದಿನ ಪ್ಯಾಕೆಟ್ಟು ಅವಳ ಅಂಗೈಯಲ್ಲೇ ಇತ್ತು. ಹಳೆಯ ಮಾತ್ರೆಯ ಜೊತೆ ಇದು ಸೇರಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕೇಳಿಯಾಗಿದೆ, ಅವನು ಹೇಳಿಯಾಗಿದೆ. ಕೊಟ್ಟರೆ ಯಾರೂ ಬೆರಳು ತೋರಿಸುವಂತಿಲ್ಲ. ಕೊಟ್ಟೇಬಿಡೋಣ ಎಂದು ಒಂದು ಕ್ಷಣ ನಿಜಕ್ಕೂ ಅನಿಸಿತು. ತಕ್ಷಣ ತನ್ನ ಮೇಲೇ ಹೇಸಿಗೆಯಾಯಿತು, ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

"ಹುಬ್ಬು ಇಳಿಸು. ಇವತ್ತೂ ನುಂಗಿದೀಯ ತಾನೇ?"

"ಬೆಳಿಗ್ಗೆ. ನಿಲ್ಸಿ ತಿಂಗಳಾಯ್ತು ಅಂತ ಡಾಕ್ಟರಮ್ಮನಿಗೆ ಸುಳ್ಳು ಹೇಳ್ದೆ. ಎರಡೂ ಸೇರಿದ್ರೆ ಬೇಗ ಹುಷಾರಾಗ್ತೀನಿ ಅಂತ..."

"ಹೆಣ ಆಗ್ತೀಯ! ಕೆಲವು ಮಾತ್ರೆನ ಡಾಕ್ಟರೇ ನೋಡ್ಕೊಂಡು ಜೊತೆಗೆ ಕೊಡ್ತಾರೆ. ಇವೆರಡು ಅಂಥವಲ್ಲ. ಸೇರಿದ್ರೆ ಮೈ ಕೆಂಡ ಆಗುತ್ತೆ, ಕೈಕಾಲು ಸೆಟೆದುಕೊಳ್ಳುತ್ತೆ, ಎದೆ ಹೊಡ್ಕೊಳ್ಳುತ್ತೆ. ಜೀವಕ್ಕೇ ಕುತ್ತು."

ಅವನೆದುರೇ ಡಾಕ್ಟರಿಗೆ ಫೋನ್ ಮಾಡಿ, ಅವನ ಸುಳ್ಳನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಆಹಾ, ಎಂಥ ಸುಖ! ಡಾಕ್ಟರಮ್ಮ ನಾಳೆಯೇ ಕಳಿಸಿ ಎಂದರು. ಹಳೆಯದನ್ನು ಅವರು ಹೇಳಿದಂತೆ ಕಡಿಮೆ ಮಾಡುತ್ತಾ ನಿಲ್ಲಿಸಬೇಕು, ಆಮೇಲೆ ಎರಡು ವಾರ ಖಾಲಿ, ಆಮೇಲಷ್ಟೇ ಹೊಸದು.

ಅವನು ಬಿಳಿಚಿಕೊಂಡ. "ಅದಕ್ಕೇ ಕಣೇ ಸುಳ್ಳು ಹೇಳಿದ್ದು. ಆ ಎರಡು ವಾರ ಒಬ್ಬನೇ ದಾಟೋಕೆ ನನ್ನಿಂದ ಆಗಲ್ಲ."

"ನನ್ನಿಂದ ಆಯ್ತಲ್ಲ."

ಅವನು ತಲೆ ತಗ್ಗಿಸಿದ. "ನಿನ್ನಲ್ಲಿ ಕಂಡಿದ್ದು ನನ್ನೊಳಗೂ ಇದೆ ಅಂತ ಆಗಲೇ ಗೊತ್ತಿತ್ತು. ಅದಕ್ಕೆ ಹೆದರಿ ಓಡಿದೆ, ನಿನಗಲ್ಲ."

"ಯಾವುದಕ್ಕೆ ಹೆದರಿ ಓಡಿದ್ರೇನು, ತುಳಿದಿದ್ದು ನನ್ನನ್ನೇ."

"ಹಾವಿಗೆ ಹಾಲೆರೆದು ಕೆಟ್ಟಿದ್ದು ಸಾಲದಾ? ಬಿಡೇ," ಎಂದರು ದೊಡ್ಡಮ್ಮ. ಬಿಡಬಹುದಿತ್ತು. ಅವನು ಮಾಡಿದ್ದನ್ನೇ, ಅವನು ಮಾಡಿದ ಹಾಗೆಯೇ ಮಾಡಿದರೆ ಮುಯ್ಯಿಗೆ ಮುಯ್ಯಿ.

"ದಿನಾ ಸಂಜೆ ಬಂದು ಈ ಸ್ಟೂಲ್ ಮೇಲೆ ಕೂತ್ಕೋ," ಎಂದಳು. "ಮಾತಾಡ್ಸಲ್ಲ, ಟೀ ಕೊಡಲ್ಲ. ನೀನು ಬಿಟ್ಟು ಓಡಿದ ಜಾಗದಲ್ಲಿ ಇನ್ನೊಬ್ಬರು ಹೇಗೆ ನಿಲ್ತಾರೆ ಅಂತ ಕಣ್ಣಾರೆ ನೋಡು. ಅದೇ ನಿನಗೆ ಶಿಕ್ಷೆ."

ಅವನು ಬಂದ. ಹಳೆಯ ಮಾತ್ರೆ ನಿಂತು ಖಾಲಿ ದಿನಗಳು ಶುರುವಾದವು. ಒಮ್ಮೆ ಕೂತಲ್ಲೇ ಅತ್ತಾಗ, ಟಿಶ್ಯೂ ಡಬ್ಬಿಯನ್ನು ಅವನ ಮುಂದೆ ಸದ್ದಾಗುವಂತೆ ಕುಕ್ಕಿದಳು. ಬಾರದ ಒಂದು ಸಂಜೆ ಅವನ ಮನೆ ಬಾಗಿಲನ್ನು ಮುರಿಯುವಂತೆ ಬಡಿದು, ಕಾರಿನಲ್ಲಿ ಹೇರಿಕೊಂಡು ಬಂದಳು.

"ಕ್ಲಚ್ ಮೆಲ್ಲಗೆ..." ಎಂದ ಅವನು.

"ಬಾಯ್ಮುಚ್ಚು."

ಡಾಕ್ಟರಮ್ಮ ಹೂಂ ಎಂದ ದಿನ ಹೊಸ ಪ್ಯಾಕೆಟ್ಟನ್ನು ಅವಳೇ ಅವನ ಕೈಗಿಟ್ಟಳು. ಇದರ ಜೊತೆ ಏನೇನು ತಿನ್ನಬಾರದು ಎಂಬುದನ್ನೂ, ಕೇಳದೆ ಯಾವ ನೆಗಡಿ ಔಷಧವನ್ನೂ ಮುಟ್ಟಬಾರದು ಎಂಬುದನ್ನೂ ಗದರಿಸುತ್ತಲೇ ಹೇಳಿದಳು. ಬೆರಳಿಗೆ ಬೆರಳು ತಗುಲಿತು. ಇಬ್ಬರೂ ಹಿಂದಕ್ಕೆಳೆದುಕೊಳ್ಳಲಿಲ್ಲ.

"ಅವತ್ತೇ ಕೊಟ್ಟು ಕಳಿಸ್ಬಹುದಿತ್ತು. ಯಾಕೆ ಕೊಡ್ಲಿಲ್ಲ?"

ಅವಳ ಕಣ್ಣು ತುಂಬಿತು, ಸಿಟ್ಟಿನಿಂದಲೇ. "ನೀನು ಸತ್ರೆ ಯಾರ ಮೇಲೆ ಸಿಟ್ಟು ಮಾಡ್ಕೊಂಡು ಬದುಕ್ಲಿ? ಹಾಳಾದ್ದು, ಸಿಟ್ಟಿಗೂ ನೀನೇ ಬೇಕು ನನಗೆ."

ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂತು. "ಹಾಗಾದ್ರೆ ಕ್ಷಮಿಸಿದೀಯಾ?"

"ಇಲ್ಲ," ಎಂದಳು. "ಸೇಡು ತೀರಿಸ್ಕೊಳ್ಳೋಕೆ ಒಂದು ಜನ್ಮ ಬೇಕು. ಎಲ್ಲಿಗೂ ಹೋಗ್ಬೇಡ."